ಟಿಟಿ ಗಾಡಿಯ ಸೋಲಾರ್ ಮತ್ತು ಅಕ್ಕನ ಎಂಟು ದಿನದ ರಜೆ

ಅಕ್ಕನಿಗೆ ಎಂಟು ದಿನ ರಜೆ ಸಿಕ್ಕಿದ ಸಂಜೆಯೇ ಡ್ರೈವರ್ ಅಣ್ಣ ನಮ್ಮ ಮೊಬೈಲ್ ರಿಪೇರಿ ಅಂಗಡಿ ಮುಂದೆ ತಮ್ಮ ಟೆಂಪೊ ಟ್ರಾವೆಲರ್, ಅಂದರೆ ಟಿಟಿ ಗಾಡಿ ನಿಲ್ಲಿಸಿ, ಇಳಿಯದೆಯೇ ಹಾರ್ನ್ ಹೊಡೆದರು. ಸುಂಕದಕಟ್ಟೆಯ ಆ ರಸ್ತೆಯಲ್ಲಿ ಒಂದು ಟಿಟಿ ನಿಂತರೆ ಹಿಂದೆ ನಾಲ್ಕು ಆಟೊ ನಿಲ್ಲುತ್ತವೆ. ಕೈಯಲ್ಲಿದ್ದ ಬೋರ್ಡನ್ನು ಹಾಗೇ ಬಿಟ್ಟು ಓಡಿದೆ.

"ಮಗಾ, ಗಾಡಿಗೆ ಸೋಲಾರ್ ಹಾಕ್ಬೇಕು. ಹದಿನೈದು ದಿನ ಟೈಮಿದೆ."

"ಹಾಕೋಣ ಬಿಡಿ ಅಣ್ಣ. ಮೂರು ದಿನ ಸಾಕು."

ಹಿಂದಿನ ಆಟೊದವನು ಬೈಯಲು ಶುರುಮಾಡಿದ್ದರಿಂದ ಮಾತು ಅಲ್ಲಿಗೇ ಮುಗಿಯಿತು. ಬಾಯಿಂದ ಜಾರಿದ ಆ ಮೂರು ದಿನ ನನ್ನನ್ನು ಎಷ್ಟು ಸತಾಯಿಸಿತು ಎಂಬುದೇ ಈ ಕಥೆ. ನಾನು ಎಂಜಿನಿಯರ್ ಅಲ್ಲ. ವಿಡಿಯೊ ನೋಡಿ, ನಮ್ಮ ಟೆರೇಸ್ ಮೇಲೆ ಒಂದು ಪ್ಯಾನೆಲ್ ಇಟ್ಟು, ಎರಡು ಸಲ ಕೈ ಸುಟ್ಟುಕೊಂಡು ಕಲಿತವನು. ಗಾಡಿಗೆ ಸೋಲಾರ್ ಹಾಕಿಸಬೇಕು ಎಂದುಕೊಂಡಿರುವವರು ನನ್ನ ತಪ್ಪುಗಳನ್ನಾದರೂ ಮತ್ತೆ ಮಾಡದಿರಲಿ.

ಅಣ್ಣ ಮತ್ತು ಅಕ್ಕ ನಮ್ಮ ಮೇಲಿನ ಮಹಡಿಯ ಗಂಡ-ಹೆಂಡತಿ. ಅಣ್ಣ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟೂರಿಸ್ಟ್ ಗಾಡಿ ಓಡಿಸಿದವರು. ಊರವರ ಸಂಸಾರಗಳನ್ನೆಲ್ಲ ದೇವಸ್ಥಾನ, ಜಲಪಾತ, ಬೀಚು ಎಂದು ಸುತ್ತಿಸಿ, ತಾವು ಸ್ಟಿಯರಿಂಗ್ ಹಿಂದೆ ಕೂತಲ್ಲೇ ನಿದ್ದೆ ಮಾಡಿದವರು. ಅಕ್ಕ ಅಷ್ಟೇ ವರ್ಷ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷೀನ್ ಮುಂದೆ ಕೂತವರು. ಇಬ್ಬರೂ ಒಟ್ಟಿಗೆ ಎಲ್ಲಿಗೂ ಹೋಗಿರಲಿಲ್ಲ. ಮೊದಲು ಪುರುಸೊತ್ತಿರಲಿಲ್ಲ, ಪುರುಸೊತ್ತು ಬರುವ ಹೊತ್ತಿಗೆ ಅಕ್ಕನಿಗೆ ಉಬ್ಬಸ ಹಿಡಿದಿತ್ತು. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ನೆಬ್ಯುಲೈಸರ್ ಹಾಕಿಕೊಳ್ಳಲೇಬೇಕು. ಔಷಧಿಯನ್ನು ಮಂಜಿನ ಹಾಗೆ ಮಾಡಿ ಮಾಸ್ಕಿಗೆ ಊದುವ ಮಷೀನದು, ಕರೆಂಟಿನಲ್ಲೇ ಓಡಬೇಕು. ಬ್ಯಾಟರಿಯ ಚಿಕ್ಕದೊಂದನ್ನು ತಂದು ನೋಡಿದ್ದರಂತೆ. ಅದು ಅರ್ಧಕ್ಕೇ ಕಟ್ಟಿಕೊಂಡು ನಿಲ್ಲುತ್ತಿತ್ತು, ಹಳೆಯದನ್ನೇ ಇಟ್ಟುಕೊಳ್ಳಿ ಎಂದು ಡಾಕ್ಟರ್ ಹೇಳಿದ್ದರು. ಹೋಟೆಲ್ ರೂಮಿನಲ್ಲಿ ಪ್ಲಗ್ ಇರುತ್ತದಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೆ. ರೂಮಿನ ಹಾಸಿಗೆ ದೂಳು, ಫಿನಾಯಿಲ್ ವಾಸನೆ ಎರಡೂ ಅಕ್ಕನಿಗೆ ಆಗದು. ಒಮ್ಮೆ ಹೋದವರು ರೂಮಿಗೆ ಕಾಲಿಟ್ಟ ಅರ್ಧ ಗಂಟೆಗೇ ಕೆಮ್ಮುತ್ತಾ ವಾಪಸ್ ಹೊರಟಿದ್ದರು.

ಆದ್ದರಿಂದಲೇ ಅಣ್ಣ ತಮ್ಮ ಹಳೆಯ ಟಿಟಿಯ ಸೀಟುಗಳನ್ನು ಕಳಚಿ, ಒಳಗೆ ಮಂಚ, ಪ್ಲೈವುಡ್ ಕಪಾಟು, ಅಡುಗೆ ಕಟ್ಟೆ ಮಾಡಿಸಿದ್ದರು. ಆರ್‌ಟಿಒ ಕಥೆಯನ್ನು ಅವರೇ ಹೇಳಬೇಕು, ನಾನು ಹೇಳಿದರೆ ನ್ಯಾಯ ಸಲ್ಲುವುದಿಲ್ಲ. ಹೋಗಬೇಕಾಗಿದ್ದದ್ದು ಹೊಳೆ ದಂಡೆಯಲ್ಲಿ ಅವರ ಪರಿಚಯದವರ ಜಮೀನಿಗೆ. ಅಲ್ಲಿ ಕರೆಂಟ್ ಕಂಬವೇ ಇಲ್ಲ. ಗಾಡಿಯಲ್ಲಿ ಕರೆಂಟ್ ಇದ್ದರೆ ಅಕ್ಕ ಹೋಗುತ್ತಾರೆ, ಇಲ್ಲದಿದ್ದರೆ ಇಲ್ಲ. ಆ ಎಂಟು ದಿನ ಬಿಟ್ಟರೆ ಸೂಪರ್‌ವೈಸರ್ ಮತ್ತೆ ರಜೆ ಕೊಡುವ ಮಾತೇ ಇರಲಿಲ್ಲ.

ಮೊದಲ ದಿನ ಪುಸ್ತಕ ಹಿಡಿದು ಅಕ್ಕನ ಅಡುಗೆಮನೆಯಲ್ಲಿ ಕೂತೆ. ವಿಡಿಯೊಗಳಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ: ಏನೇನು ಓಡಿಸುತ್ತೀರಿ, ಎಷ್ಟು ಹೊತ್ತು ಓಡಿಸುತ್ತೀರಿ ಎಂದು ಮೊದಲು ಪಟ್ಟಿ ಮಾಡಿ, ಆಮೇಲೆ ಪ್ಯಾನೆಲ್ ಆರಿಸಿ.

"ಅಕ್ಕ, ಯಾವ್ಯಾವ ಮಷೀನ್ ಬೇಕು ಹೇಳಿ."

"ನನ್ನ ಮಷೀನ್ ಒಂದು. ಮಿಕ್ಸಿ ಒಂದು."

"ಮಿಕ್ಸಿ ಬೇಕೇ ಬೇಕಾ?"

"ಬೆಳಿಗ್ಗೆ ದೋಸೆಗೆ ಚಟ್ನಿ ನಿಮ್ಮಪ್ಪ ಬಂದು ರುಬ್ಬಿಕೊಡ್ತಾರಾ?"

ಬರೆದುಕೊಂಡೆ. ನೆಬ್ಯುಲೈಸರ್ ನೂರೈವತ್ತು ವಾಟ್, ದಿನಕ್ಕೆ ಅರ್ಧ ಗಂಟೆ. ಮಿಕ್ಸಿ ಐನೂರು ವಾಟ್, ಐದು ನಿಮಿಷ. ಅಣ್ಣ ಹಟಹಿಡಿದು ತಂದಿದ್ದ ಹನ್ನೆರಡು ವೋಲ್ಟಿನ ಪೆಟ್ಟಿಗೆ ಫ್ರಿಜ್, ದಿನವಿಡೀ. ಒಂದು ಫ್ಯಾನ್, ಎರಡು ಲೈಟ್, ಎರಡು ಫೋನ್. ಎಲ್ಲ ಕೂಡಿಸಿದರೆ ದಿನಕ್ಕೆ ಎಂಟುನೂರು ಚಿಲ್ಲರೆ ವಾಟ್-ಅವರ್, ಅಂದರೆ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. ನೂರೆಂಬತ್ತು ವಾಟಿನ ಎರಡು ಪ್ಯಾನೆಲ್, ನೂರು ಆಂಪ್-ಅವರಿನ ಲಿಥಿಯಂ ಬ್ಯಾಟರಿ ಸಾಕು ಎಂದು ಲೆಕ್ಕ ಬಂತು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಇವತ್ತು ಮಾಡಿದರೂ ಅಷ್ಟೇ ಬರುತ್ತದೆ. ಅದೇ ನನ್ನ ಸಂಕಟ.

ಇನ್ವರ್ಟರ್‌ಗೆಂದು ಮಾಗಡಿ ರೋಡಿನ ಒಂದು ಅಂಗಡಿಗೆ ಹೋದೆ. ಕೌಂಟರಿನವರು ಫೋನಿನಿಂದ ತಲೆ ಎತ್ತದೆ ಕೇಳಿದರು, "ಎಷ್ಟು ಬಿಎಚ್‌ಕೆ?"

"ಮನೆಗಲ್ಲ ಸಾರ್, ಗಾಡಿಗೆ."

"ಸರಿ. ಎಷ್ಟು ಬಿಎಚ್‌ಕೆ?"

ಬೆಂಗಳೂರಿನಲ್ಲಿ ಇನ್ವರ್ಟರ್ ಎಂದರೆ ಕರೆಂಟ್ ಹೋದಾಗ ಫ್ಯಾನ್ ತಿರುಗಿಸುವ, ಮೆಟ್ಟಿಲ ಕೆಳಗೆ ಕೂರುವ ಪೆಟ್ಟಿಗೆ. ಅದು ಗೋಡೆಯ ಕರೆಂಟಿನಿಂದ ಚಾರ್ಜ್ ಆಗಬೇಕು, ನೀರು ಹಾಕುವ ದೊಡ್ಡ ಬ್ಯಾಟರಿ ಬೇಕು. ನನಗೆ ಗೋಡೆಯೇ ಇರಲಿಲ್ಲ. ವಿವರಿಸಿ ಸಾಕಾಗಿ, ಕೊನೆಗೆ ಅಲ್ಲೇ ಮೂಲೆಯಲ್ಲಿದ್ದ ಕಾರಿಗೆ ಹಾಕುವ ಇನ್ವರ್ಟರ್ ಎತ್ತಿಕೊಂಡು ಬಂದೆ. ಮೇಲೆ ದೊಡ್ಡಕ್ಷರದಲ್ಲಿ ಸಾವಿರದೈನೂರು ವಾಟ್ ಎಂದಿತ್ತು. ಕೈಯಲ್ಲಿ ಹಿಡಿದರೆ ಟಿಫನ್ ಬಾಕ್ಸಿನಷ್ಟೂ ತೂಕವಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

ಬಲ್ಬ್ ಹಾಕಿದೆ, ಉರಿಯಿತು. ಫೋನ್ ಚಾರ್ಜರ್ ಹಾಕಿದೆ, ಓಡಿತು. ಅಣ್ಣನಿಗೆ ಹೆಬ್ಬೆರಳು ತೋರಿಸಿದೆ. ಅಕ್ಕ ಕೆಲಸದಿಂದ ಬಂದು, ಚಪ್ಪಲಿಯನ್ನೂ ಬಿಡದೆ ಗಾಡಿ ಹತ್ತಿ ನೆಬ್ಯುಲೈಸರ್ ಸಿಕ್ಕಿಸಿದರು. ಮನೆಯಲ್ಲಿ ಆ ಮಷೀನ್ ಒಂದೇ ಸಮನೆ ಗುಂಯ್ ಎನ್ನುತ್ತದೆ. ಇಲ್ಲಿ ಘರ್ರ್ ಘರ್ರ್ ಎಂದು ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡಿತು. ಮಂಜು ಬರುತ್ತಿತ್ತು, ಆದರೆ ತೆಳ್ಳಗೆ. ಹದಿನೈದು ನಿಮಿಷವಾದರೂ ಔಷಧಿ ಅರ್ಧ ಉಳಿದಿತ್ತು. ಇಪ್ಪತ್ತನೆಯ ನಿಮಿಷಕ್ಕೆ ಮಷೀನಿನ ಮೈ ಮುಟ್ಟಿದೆ. ಬಿಸಿ ತವೆ.

"ತೆಗೀರಿ ಅಕ್ಕ, ತೆಗೀರಿ!"

ಅಕ್ಕ ಮಾಸ್ಕ್ ಇಳಿಸಿ ನನ್ನ ಮುಖ ನೋಡಿದರು. "ಇದು ಸುಟ್ಟೋದ್ರೆ ನಾಳೆ ಬೆಳಿಗ್ಗೆಗೆ ನಂಗೆ ಬೇರೆ ಇಲ್ಲ ಕಣೋ," ಎಂದು ಮಷೀನನ್ನು ಮಗುವಿನ ಹಾಗೆ ಎತ್ತಿಕೊಂಡು ಮೇಲೆ ಹೋದರು.

ಮನೆಗೆ ಬರುವ ಕರೆಂಟ್ ಅಲೆಯ ಹಾಗೆ ನಯವಾಗಿ ಏರಿ ಇಳಿಯುತ್ತದೆ. ಅಗ್ಗದ ಪೆಟ್ಟಿಗೆಯ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಎಗರುತ್ತದೆ. ಬಲ್ಬಿಗೆ ಅದು ಗೊತ್ತಾಗುವುದಿಲ್ಲ, ಮೋಟರಿಗೆ ಗೊತ್ತಾಗುತ್ತದೆ. ಇದು ನನಗೆ ಗೊತ್ತಿದ್ದ ವಿಷಯವೇ! ವಿಡಿಯೊದಲ್ಲಿ ನೋಡಿದ್ದೆ, ತಲೆಯಾಡಿಸಿದ್ದೆ, ಅಂಗಡಿಯಲ್ಲಿ ವಾಟ್ ನೋಡಿದ ಕೂಡಲೇ ಮರೆತಿದ್ದೆ. ವಾಪಸ್ ಕೊಡಲು ಹೋದರೆ ಕೌಂಟರಿನವರು, ವೈರ್ ಸಿಕ್ಕಿಸಿದ ಮೇಲೆ ಮುಗಿಯಿತು ಎಂದರು. ಅವರ ಮಾತನ್ನು ಒಪ್ಪದೆ ಎರಡು ದಿನ ಹಾಳುಮಾಡಿದೆ. ಆ ಪೆಟ್ಟಿಗೆ ಈಗಲೂ ನಮ್ಮ ಅಂಗಡಿ ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಕೂತಿದೆ.

ಎರಡನೆಯ ಇನ್ವರ್ಟರ್‌ಗೆ ವಿಜಯನಗರದ ಒಳರಸ್ತೆಯಲ್ಲಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಹೋದೆ. ಅವರು ಬಿಎಚ್‌ಕೆ ಕೇಳಲಿಲ್ಲ.

"ಏನು ಓಡಿಸ್ಬೇಕು?"

"ನೆಬ್ಯುಲೈಸರ್ ಸಾರ್."

"ಎಲ್ಲಿ?"

"ಹೊಳೆ ದಂಡೇಲಿ."

"ಅದಲ್ಲಪ್ಪ. ಮಷೀನ್ ಎಲ್ಲಿ ಅಂತ. ತಂದಿಲ್ವಾ? ಚಪ್ಪಲಿ ತಗೊಳ್ಳೋಕೆ ಹೋಗೋವಾಗ ಕಾಲು ಮನೇಲಿಟ್ಟು ಹೋಗ್ತೀಯಾ?"

ಮಧ್ಯಾಹ್ನ ಅಕ್ಕ ಕೆಲಸದಲ್ಲಿದ್ದಾಗ ಮಷೀನ್ ಹೊತ್ತುಕೊಂಡು ಮತ್ತೆ ಹೋದೆ. ಅವರು ಕೌಂಟರಿನ ಮೇಲೆಯೇ ಮೂರು ಇನ್ವರ್ಟರ್‌ಗಳಿಗೆ ಒಂದೊಂದಾಗಿ ಸಿಕ್ಕಿಸಿ, ಕಿವಿ ಹತ್ತಿರ ತಂದು ಕೇಳಿದರು. ಮೀಟರ್ ಮುಟ್ಟಲೇ ಇಲ್ಲ. ಮೂರನೆಯದರಲ್ಲಿ ಗುಂಯ್ ಎಂದಿತು, ಮನೆಯ ಹಾಗೆಯೇ. ಸಾವಿರ ವಾಟಿನ ಪ್ಯೂರ್ ಸೈನ್ ಇನ್ವರ್ಟರ್, ಮನೆಯ ಕರೆಂಟಿನ ಹಾಗೆ ನಯವಾದ ಅಲೆ ಕೊಡುವಂಥದ್ದು, ಎತ್ತಿದರೆ ಕೈ ಜಗ್ಗುವಷ್ಟು ಭಾರ. "ಬೇಡದಿದ್ದಾಗ ಸ್ವಿಚ್ ಆಫ್ ಮಾಡಿಡು. ಸುಮ್ನೆ ಆನ್ ಇದ್ರೂ ಬ್ಯಾಟರಿ ತಿಂತಾ ಇರುತ್ತೆ," ಎಂದು ಹೇಳಿ ಕಳಿಸಿದರು.

ನೆಬ್ಯುಲೈಸರ್ ಗೆದ್ದಿತು. ಮಾರನೆಯ ದಿನ ಮಿಕ್ಸಿ ಸೋತಿತು. ಗುಂಡಿ ತಿರುಗಿಸಿದ ಕೂಡಲೇ ಇನ್ವರ್ಟರ್ ಪೀಂ ಎಂದು ಕಿರುಚಿ ಆಫ್ ಆಯಿತು. ಬ್ಯಾಟರಿ ತುಂಬಿತ್ತು, ಇನ್ವರ್ಟರ್ ಹೊಸದು, ಮಿಕ್ಸಿ ಮನೆಯಲ್ಲಿ ಸರಿಯಿತ್ತು. ಎರಡು ಸಂಜೆ ತಲೆ ಕೆಡಿಸಿಕೊಂಡೆ. ತಪ್ಪಿದ್ದದ್ದು ವೈರಿನಲ್ಲಿ. ಜಾಗ ಉಳಿಸಲು ಬ್ಯಾಟರಿಯನ್ನು ಡ್ರೈವರ್ ಸೀಟಿನ ಹಿಂದೆ, ಇನ್ವರ್ಟರನ್ನು ಡಿಕ್ಕಿ ಪಕ್ಕ ಇಟ್ಟು, ನಡುವೆ ನಾಲ್ಕು ಮೀಟರ್ ತೆಳು ವೈರ್ ಎಳೆದಿದ್ದೆ. ಮಿಕ್ಸಿ ಒಮ್ಮೆಗೇ ಕರೆಂಟ್ ಎಳೆದಾಗ ಅಷ್ಟು ದೂರ ಬರುವಷ್ಟರಲ್ಲಿ ವೋಲ್ಟೇಜ್ ಸೊರಗಿಹೋಗುತ್ತಿತ್ತು. ಮಂಚದ ಹಲಗೆ ಬಿಚ್ಚಿ ಎರಡನ್ನೂ ಅಕ್ಕಪಕ್ಕ ಕೂರಿಸಿ, ವೆಲ್ಡಿಂಗಿನವರು ಬಳಸುವ ಹೆಬ್ಬೆರಳು ದಪ್ಪದ ಕೇಬಲ್ ಹಾಕಿದೆ. ಮಿಕ್ಸಿ ಗರ್ರನೆ ತಿರುಗಿತು. ಅಕ್ಕ ಒಂದು ಹಿಡಿ ಕಡಲೆ ಹಾಕಿ ಪರೀಕ್ಷೆ ಮಾಡಿ, "ಪರವಾಗಿಲ್ಲ," ಎಂದರು. ಹತ್ತು ದಿನದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ.

ಪ್ಯಾನೆಲ್ ಕೆಲಸ ಮಾತ್ರ ನನಗೇ ಹೆಮ್ಮೆಯಾಗುವಂತೆ ಆಗಿತ್ತು. ಟಿಟಿಯ ಮೇಲಿನ ಕ್ಯಾರಿಯರ್ ತೆಗೆಸಿ, ಟಾಪನ್ನು ಉಜ್ಜಿ ತೊಳೆದು, ಗಾಡಿ ಗಾಜಿಗೆ ಹಾಕುವ ಕಪ್ಪು ಸೀಲೆಂಟ್ ಹಚ್ಚಿ ಎರಡು ಪ್ಯಾನೆಲ್‌ಗಳನ್ನೂ ಅಂಟಿಸಿದೆ. ಮೇಲೆ ಇಟ್ಟಿಗೆ ಹೇರಿ ಎರಡು ದಿನ ಒಣಗಲು ಬಿಟ್ಟೆ. ಎರಡನ್ನೂ ಒಂದರ ಹಿಂದೆ ಒಂದು, ಸರಪಳಿಯ ಹಾಗೆ ಜೋಡಿಸಿದೆ. ಹಾಗೆ ಮಾಡಿದರೆ ವೋಲ್ಟೇಜ್ ಏರುತ್ತದೆ, ವೈರಿನಲ್ಲಿ ನಷ್ಟ ಕಡಿಮೆ. ನಮ್ಮ ಬೀದಿಯಲ್ಲಿ ಮಧ್ಯಾಹ್ನ, ಪ್ಯಾನೆಲ್ಲಿನಿಂದ ಬ್ಯಾಟರಿ ತುಂಬಿಸುವ ಚಾರ್ಜರಿನ ಆ್ಯಪನ್ನು ಫೋನಿನಲ್ಲಿ ತೆರೆದರೆ ಇನ್ನೂರ ಎಪ್ಪತ್ತು ವಾಟ್ ತೋರಿಸುತ್ತಿತ್ತು. ಹೋಗಿಬರುವವರಿಗೆಲ್ಲ ಫೋನ್ ಹಿಡಿದು ತೋರಿಸಿದೆ.

ನಮ್ಮ ಬೀದಿಯಲ್ಲಿ ಒಂದೇ ಒಂದು ಮರವೂ ಇಲ್ಲ.

ಹೊರಡುವುದಕ್ಕೆ ಮೂರು ದಿನ ಮುಂಚೆ, ಭಾನುವಾರ, ಪೂರ್ತಿ ಒಂದು ಹಗಲು ಗಾಡಿಯಲ್ಲೇ ಕಳೆದು ನೋಡೋಣವೆಂದು ಜ್ಞಾನಭಾರತಿ ಹಿಂಭಾಗದ ಲೇಔಟಿನಲ್ಲಿದ್ದ ಖಾಲಿ ಸೈಟಿಗೆ ಹೋದೆವು. ಸೈಟಿನ ಮೂಲೆಯಲ್ಲಿ ದೊಡ್ಡ ಹೊಂಗೆ ಮರವಿತ್ತು. ಅಣ್ಣ ಯಾರನ್ನೂ ಕೇಳದೆ, ನೇರ ಮರದ ಕೆಳಗೆ ಗಾಡಿ ತಂದು, ಒಮ್ಮೆ ಹಿಂದೆ ತೆಗೆದು, ಇಂಚು ಬಿಡದ ಹಾಗೆ ನೆರಳಿನಲ್ಲಿ ಕೂರಿಸಿ ಹ್ಯಾಂಡ್‌ಬ್ರೇಕ್ ಎಳೆದರು.

ಆ್ಯಪ್ ನೋಡಿದೆ. ಇಪ್ಪತ್ತೆರಡು ವಾಟ್.

"ಅಣ್ಣ, ಗಾಡಿ ತೆಗೀರಿ. ಬಿಸಿಲಿಗೆ ಹಾಕಿ."

"ಯಾಕೆ?"

"ಪ್ಯಾನೆಲ್‌ಗೆ ಬಿಸಿಲು ಬೇಕಲ್ವಾ?"

"ಮರ ಇಟ್ಕೊಂಡು ಬಿಸಿಲಲ್ಲಿ ಗಾಡಿ ನಿಲ್ಸೋನು ಡ್ರೈವರ್ ಏನೋ? ಇಪ್ಪತ್ತು ವರ್ಷದಿಂದ ನೆರಳು ಹುಡುಕ್ಕೊಂಡೇ ಗಾಡಿ ಓಡ್ಸಿದೀನಿ ನಾನು."

"ಹಂಗಾದ್ರೆ ಸೋಲಾರ್ ಯಾಕೆ ಹಾಕುಸ್ಕೊಂಡ್ರಿ? ಬೆಳದಿಂಗಳಿಗಾ?"

ದನಿ ಏರಿತ್ತು, ಹಾಗೆ ಮಾತಾಡಬಾರದಿತ್ತು. ಅಣ್ಣ ಗಾಡಿ ಸ್ಟಾರ್ಟ್ ಮಾಡಿ ಸೈಟಿನ ನಟ್ಟನಡುವೆ ಬಿಸಿಲಿಗೆ ತಂದು ನಿಲ್ಲಿಸಿ, ಕೀಲಿಯನ್ನು ನನ್ನ ಕೈಗಿಟ್ಟರು.

ಆ್ಯಪ್‌ನಲ್ಲಿ ಇನ್ನೂರ ಅರವತ್ತು ಬಂತು. ನನಗೆ ಸಮಾಧಾನವಾಯಿತು. ಅರ್ಧ ಗಂಟೆಯಲ್ಲಿ ಗಾಡಿಯ ಒಳಗೆ ಉಸಿರಾಡಲು ಆಗದಂತಾಯಿತು. ತಗಡಿನ ಗೋಡೆ ಮುಟ್ಟಲಾಗುತ್ತಿರಲಿಲ್ಲ. ಫ್ಯಾನ್ ಬಿಸಿಗಾಳಿಯನ್ನೇ ಅತ್ತಿಂದಿತ್ತ ತಿರುವುತ್ತಿತ್ತು. ಫ್ರಿಜ್‌ನ ಮೋಟರ್ ಒಂದು ಗಳಿಗೆಯೂ ನಿಲ್ಲದೆ ಓಡಿ, ಪ್ಯಾನೆಲ್ ಕೊಟ್ಟಿದ್ದರಲ್ಲಿ ಒಂದು ಪಾಲನ್ನು ತಾನೇ ತಿನ್ನುತ್ತಿತ್ತು. ಅಕ್ಕ ಮೊದಲು ಸೆರಗಿನಿಂದ ಗಾಳಿ ಹಾಕಿಕೊಂಡರು. ಆಮೇಲೆ ಕೆಮ್ಮು ಶುರುವಾಯಿತು. ಇಳಿದು ಹೋಗಿ ಮರದ ಬುಡದಲ್ಲಿ ಕೂತರು. ಕೆಮ್ಮು ನಿಲ್ಲಲಿಲ್ಲ. ಸಂಜೆ ಹಾಕಿಕೊಳ್ಳಬೇಕಾದ ನೆಬ್ಯುಲೈಸರನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಿ ಮಧ್ಯಾಹ್ನವೇ ಹಾಕಿಕೊಂಡರು. ಗಾಡಿಯಿಂದ ವೈರ್ ಎಳೆದು ಮರದ ಕೆಳಗೆ ಮಷೀನ್ ಇಟ್ಟೆ. ಗುಂಯ್ ಎಂದು ಚೆನ್ನಾಗಿಯೇ ಓಡಿತು. ಅದನ್ನು ಓಡಿಸಬೇಕಾದ ಸ್ಥಿತಿ ತಂದವನು ನಾನೇ.

ಗಾಡಿಯನ್ನು ಮತ್ತೆ ನೆರಳಿಗೆ ತಂದು, ಅರ್ಧ ಟಾಪ್ ಬಿಸಿಲಿಗೆ ಬರುವಂತೆ ನಿಲ್ಲಿಸಿ ನೋಡಿದೆ. ಆಗಲೂ ಮೂವತ್ತು, ನಲವತ್ತು ವಾಟ್. ಸರಪಳಿಯಲ್ಲಿ ಒಂದು ಪ್ಯಾನೆಲ್ ನೆರಳಿಗೆ ಸಿಕ್ಕಿದರೆ, ಬಿಸಿಲಲ್ಲಿರುವ ಇನ್ನೊಂದನ್ನೂ ಅದು ಹಿಡಿದು ಜಗ್ಗುತ್ತಿತ್ತು. ಜಾಣತನ ಎಂದುಕೊಂಡು ಮಾಡಿದ ಜೋಡಣೆಯೇ ನೆರಳಲ್ಲಿ ಕುತ್ತಿಗೆ ಹಿಡಿಯಿತು. ಮರದ ಕೆಳಗೆ ನಿಂತರೆ ಬ್ಯಾಟರಿ ಎರಡೇ ದಿನಕ್ಕೆ ಖಾಲಿ. ಬಿಸಿಲಲ್ಲಿ ನಿಂತರೆ ಅಕ್ಕನಿಗೆ ಉಸಿರಿಲ್ಲ. ಗಾಡಿ ಒಂದೇ, ಟಾಪ್ ಒಂದೇ.

ವಾಪಸ್ ಬರುವಾಗ ನಾಗರಬಾವಿ ಸಿಗ್ನಲ್‌ನಲ್ಲಿ ಕೆಂಪು ದೀಪಕ್ಕೆ ನಿಂತಾಗ ಅಣ್ಣ ಕನ್ನಡಿಯಲ್ಲಿ ಅಕ್ಕನನ್ನು ನೋಡಿ, "ರಜಾ ಬೇಡ ಅಂತ ಸೂಪರ್‌ವೈಸರ್‌ಗೆ ಹೇಳ್ಬಿಡು," ಎಂದರು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಸೋಮವಾರ ಅಂಗಡಿಯಲ್ಲಿ ಮೂರು ಫೋನ್‌ಗಳ ಸ್ಕ್ರೀನ್ ಒಡೆದೆ. ನನ್ನ ಲೆಕ್ಕದಲ್ಲಿ ಎಲ್ಲಿ ತಪ್ಪಿತ್ತು? ವಾಟ್ ಸರಿಯಿತ್ತು, ಬ್ಯಾಟರಿ ಸರಿಯಿತ್ತು. ಗಾಡಿಯನ್ನು ಯಾರು ಓಡಿಸುತ್ತಾರೆ, ಅವರು ಅದನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬ ಸಾಲು ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. ಇನ್ನೂ ದೊಡ್ಡ ಬ್ಯಾಟರಿ, ಜನರೇಟರ್, ಟಾಪಿಗೆ ಬಿಳಿ ಬಣ್ಣ, ಹೀಗೆ ಏನೇನೋ ಯೋಚಿಸಿದೆ. ಜನರೇಟರಿನ ಹೊಗೆಯನ್ನು ಉಬ್ಬಸದವರ ಪಕ್ಕ ಇಡುವುದೆಂದರೆ ನನಗೇ ನಗು ಬಂತು. ನಗುವಂಥ ಸ್ಥಿತಿಯಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಸಂಜೆ ನನ್ನ ಪ್ಯಾನೆಲ್ ಒರೆಸಲು ಟೆರೇಸಿಗೆ ಹೋದೆ. ಅಕ್ಕ ಅಲ್ಲಿದ್ದರು. ಪ್ರಯಾಣಕ್ಕೆಂದು ಇಟ್ಟಿದ್ದ ಅಕ್ಕಿ ಸಂಡಿಗೆಯನ್ನು ಪ್ಲಾಸ್ಟಿಕ್ ಹಾಳೆಯ ಸಮೇತ ಎಳೆದು ಜಾಗ ಬದಲಿಸುತ್ತಿದ್ದರು. ನೀರಿನ ಟ್ಯಾಂಕಿನ ನೆರಳು ಹಾಳೆಯ ಅಂಚಿಗೆ ಬಂದಿತ್ತು. ಹಾಳೆಯನ್ನು ಇನ್ನೊಂದು ಗೋಡೆಯ ಹತ್ತಿರ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಆಮೇಲೆ ಕೇಳಿದರು.

"ನಿಂದು ಆ ಗಾಜಿನ ಹಲಗೆ ಎಷ್ಟು ತೂಕ ಇದೆ?"

"ಒಂದೊಂದೂ ಹನ್ನೆರಡು ಕೆಜಿ. ಯಾಕಕ್ಕ?"

"ಸಂಡಿಗೇನ ಯಾರಾದ್ರೂ ಗಾಡಿ ಮೇಲೆ ಅಂಟಿಸ್ತಾರೇನೋ?"

ನನಗೆ ಅರ್ಥವಾಗಲಿಲ್ಲ.

"ಬಿಸಿಲು ಎಲ್ಲಿದೆಯೋ ಅಲ್ಲಿಗೆ ಎತ್ತಿ ಹಾಕ್ಬೇಕು. ಗಾಡಿ ನೆರಳಲ್ಲಿರ್ಲಿ. ಅದನ್ನ ಇಳ್ಸು, ಉದ್ದ ವೈರ್ ಹಾಕು. ಎತ್ತೋಕೆ ನಿಮ್ಮಣ್ಣ ಇದಾರೆ. ಎಲ್ಲಿಡ್ಬೇಕು, ಎಷ್ಟೊತ್ತಿಗೆ ತಿರುಗಿಸ್ಬೇಕು ಅಂತ ನಾನು ಹೇಳ್ತೀನಿ. ಇಪ್ಪತ್ತು ವರ್ಷ ಈ ಟ್ಯಾಂಕಿನ ನೆರಳು ನೋಡ್ಕೊಂಡು ಸಂಡಿಗೆ ಒಣಗಿಸಿದೀನಿ, ಇದೇನು ಮಹಾ?"

ಒಪ್ಪಿಕೊಳ್ಳುತ್ತೇನೆ, ನಾನು ಕೂಡಲೇ ಕುಣಿದಾಡಲಿಲ್ಲ. ಸೀಲೆಂಟ್ ಕಲ್ಲಿನ ಹಾಗೆ ಒಣಗಿದೆ, ಕೀಳುವಾಗ ಗಾಜು ಒಡೆಯುತ್ತದೆ, ವೈರಿನಲ್ಲಿ ನಷ್ಟ ಹೆಚ್ಚುತ್ತದೆ, ನಾಯಿ ತುಳಿಯುತ್ತದೆ ಎಂದು ಒಂದಾದ ಮೇಲೊಂದು ಹೇಳಿದೆ. ನಿಜವಾದ ಕಾರಣ ಬೇರೆಯಿತ್ತು. ಅಷ್ಟು ಚೆನ್ನಾಗಿ ಕೂರಿಸಿದ್ದನ್ನು ನಾನೇ ಕೀಳಬೇಕಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಅಕ್ಕ ಎಲ್ಲ ಕೇಳಿ, "ಬುಧವಾರ ಬೆಳಿಗ್ಗೆ ಹೊರಡ್ಬೇಕು. ರಜಾ ಬೇಡ ಅಂತ ನಾನಿನ್ನೂ ಹೇಳಿಲ್ಲ," ಎಂದು ಕೆಳಗೆ ಹೋದರು.

ನಾನು ನನ್ನ ಪ್ಯಾನೆಲ್ ಒರೆಸಿ ಮುಗಿಸಿದೆ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಒಂದು ಪ್ಯಾನೆಲ್ ಕೀಳೋಣ, ಇನ್ನೊಂದು ಓಡುವಾಗ ಚಾರ್ಜ್ ಆಗಲು ಮೇಲೆಯೇ ಇರಲಿ ಎಂದೆ.

ಮಂಗಳವಾರ ಅಂಗಡಿಗೆ ಬೀಗ. ಹಳೆಯ ಕ್ಲಚ್ ಕೇಬಲ್ಲಿನ ಎಳೆ ಬಿಡಿಸಿ, ಎರಡು ತುದಿಗೂ ಮರದ ತುಂಡು ಕಟ್ಟಿ, ನಾನೊಂದು ಕಡೆ, ಅಣ್ಣನೊಂದು ಕಡೆ ಹಿಡಿದು ಪ್ಯಾನೆಲ್ಲಿನ ಅಡಿಯಲ್ಲಿ ಗರಗಸದ ಹಾಗೆ ಎಳೆದೆವು. ಎಳೆ ಮೂರು ಸಲ ತುಂಡಾಯಿತು. ಗರಗಸದ ಲಯಕ್ಕೆ ಸರಿಯಾಗಿ ಅಣ್ಣ, "ಬೆಳದಿಂಗಳಿಗಾ... ಬೆಳದಿಂಗಳಿಗಾ..." ಎಂದು ನನ್ನ ಮಾತನ್ನೇ ಹೇಳುತ್ತಾ ಎಳೆದರು. ತಪ್ಪಾಯಿತು ಎಂದೆ. "ಎಳಿ ಮಗಾ, ಎಳಿ," ಎಂದರು. ಎರಡೂವರೆ ಗಂಟೆಯ ಮೇಲೆ ಪ್ಯಾನೆಲ್ ಸಡಿಲವಾಯಿತು. ಗಾಜು ಉಳಿಯಿತು. ಟಾಪಿನ ಬಣ್ಣ ಒಂದು ಅಂಗೈ ಅಗಲ ಕಿತ್ತುಬಂತು, ಅದನ್ನು ನೋಡಿ ಅಣ್ಣ ಕಣ್ಣು ಮುಚ್ಚಿಕೊಂಡರು.

ದೀಪಾಂಜಲಿ ನಗರದ ವೆಲ್ಡಿಂಗ್ ಶೆಡ್ಡಿನಲ್ಲಿ ಪ್ಯಾನೆಲ್ಲಿಗೆ ಮಡಚುವ ಎರಡು ಕಾಲು ಮಾಡಿಸಿದೆ, ಹಿಂದೆ ಹಿಡಿ ಹಾಕಿಸಿದೆ. ಹತ್ತು ಮೀಟರ್ ದಪ್ಪ ಕೇಬಲ್. ಸರಪಳಿ ಬಿಚ್ಚಿ, ಎರಡು ಪ್ಯಾನೆಲ್‌ಗಳಿಗೂ ಬೇರೆ ಬೇರೆ ದಾರಿ ಕೊಟ್ಟು ಚಾರ್ಜರಿನ ಹತ್ತಿರ ಸೇರಿಸಿದೆ. ಈಗ ಒಂದಕ್ಕೆ ನೆರಳಾದರೆ ಇನ್ನೊಂದು ತನ್ನ ಪಾಡಿಗೆ ದುಡಿಯುತ್ತದೆ. ಮಧ್ಯಾಹ್ನ ಗಾಡಿಯ ಟಾಪಿನ ಮೇಲೆ ಟಾರ್ಪಾಲ್ ಹಾಕಿ ಮರದ ನೆರಳೆಂದುಕೊಂಡೆವು. ಕೆಳಗಿಳಿಸಿದ ಪ್ಯಾನೆಲನ್ನು ಸೂರ್ಯನಿಗೆ ಮುಖ ಮಾಡಿ ಒರಗಿಸಿದೆ. ನೂರ ನಲವತ್ತು ವಾಟ್.

ಒಂದೇ ಪ್ಯಾನೆಲಿಗೆ ನನ್ನ ಎಂಟುನೂರು ವಾಟ್-ಅವರ್ ದಿನಾ ಕಷ್ಟ. ಹೆದರುತ್ತಲೇ ಪುಸ್ತಕ ಹಿಡಿದು ಮತ್ತೆ ಅಕ್ಕನ ಅಡುಗೆಮನೆಗೆ ಹೋದೆ. ಏನಾದರೂ ಕಡಿಮೆ ಮಾಡಬೇಕಲ್ಲ ಅಕ್ಕ ಎಂದೆ.

"ಫ್ರಿಜ್ ಹಗಲು ಓಡ್ಲಿ, ರಾತ್ರಿ ಆಫ್ ಮಾಡೋಣ. ಹಾಲು ದಿನಾ ಆ ಜಮೀನಿನವರ ಮನೇಲೇ ಸಿಗುತ್ತೆ. ಮಿಕ್ಸಿ ಬೇಡ. ಚಟ್ನಿಪುಡಿ ಮಾಡ್ಕೊಂಡಿದೀನಿ."

ಮಿಕ್ಸಿ ಬೇಡ! ಆ ಮಿಕ್ಸಿಗೋಸ್ಕರ ಮಂಚ ಬಿಚ್ಚಿದ್ದೆ, ಹೆಬ್ಬೆರಳು ದಪ್ಪದ ಕೇಬಲ್ ಹಾಕಿದ್ದೆ, ಎರಡು ಸಂಜೆ ಊಟ ಬಿಟ್ಟಿದ್ದೆ.

"ಅಕ್ಕ, ಇದನ್ನ ಮೊದಲ ದಿನಾನೇ ಹೇಳ್ಬಾರ್ದಿತ್ತಾ?"

"ಯಾವ್ಯಾವ ಮಷೀನ್ ಬೇಕು ಅಂತ ಕೇಳ್ದೆ, ಹೇಳ್ದೆ. ಏನು ಊಟ ಮಾಡ್ತೀರಾ ಅಂತ ಕೇಳಿದ್ಯಾ?"

ಕೇಳಿರಲಿಲ್ಲ. ಪುಸ್ತಕ ಮುಚ್ಚಿದೆ.

ಬುಧವಾರ ಬೆಳಿಗ್ಗೆ ಅವರು ಹೊರಟರು. ಪ್ಯಾನೆಲನ್ನು ಮಂಚದ ಪಕ್ಕ ಹಳೆಯ ಕಂಬಳಿ ಸುತ್ತಿ ನಿಲ್ಲಿಸಿ ಕಟ್ಟಿದ್ದೆ. ಇನ್ವರ್ಟರ್ ಆಫ್ ಮಾಡಲು ಮರೆಯಬೇಡಿ, ಕೇಬಲ್ ತುಳಿಯಬೇಡಿ, ಪ್ಯಾನೆಲ್ ಮೇಲೆ ಏನೂ ಇಡಬೇಡಿ, ಒಂದು ಎಲೆ ಬಿದ್ದರೂ ಕರೆಂಟ್ ಕುಸಿಯುತ್ತದೆ ಎಂದು ಚೀಟಿ ಬರೆದು ಸ್ವಿಚ್ ಪಕ್ಕ ಅಂಟಿಸಿದ್ದೆ. ಅಣ್ಣ, "ಆಯ್ತು ಮೇಷ್ಟ್ರೇ," ಎಂದು ಗೇರ್ ಹಾಕಿದರು. ಆ ಆ್ಯಪ್ ಗಾಡಿ ಹತ್ತಿರವಿದ್ದರೆ ಮಾತ್ರ ಕೆಲಸ ಮಾಡುವುದು. ಗಾಡಿ ತಿರುವು ದಾಟಿದ ಮೇಲೆ ನನ್ನ ಫೋನಿನಲ್ಲಿ ಎಲ್ಲ ಸಂಖ್ಯೆಗಳೂ ಅಳಿಸಿಹೋದವು.

ಮೊದಲ ದಿನ ಸುದ್ದಿಯಿಲ್ಲ. ಎರಡನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಸಿಗ್ನಲ್ ಇಲ್ಲ. ಅಷ್ಟರಲ್ಲಿ ನೂರು ಕೆಟ್ಟ ಯೋಚನೆ ಬಂದವು. ಕನೆಕ್ಟರ್ ಸಡಿಲವಾಗಿರಬಹುದು, ಮೋಡ ಕವಿದಿರಬಹುದು, ಅಕ್ಕ ಎಲ್ಲೋ ಯಾರದೋ ಮನೆಯ ಪ್ಲಗ್ಗಿಗಾಗಿ ಕೆಮ್ಮುತ್ತಾ ನಡೆಯುತ್ತಿರಬಹುದು.

ಮೂರನೆಯ ದಿನ ಮಧ್ಯಾಹ್ನ ಅಣ್ಣನ ಫೋನಿನಿಂದ ವಾಯ್ಸ್ ಮೆಸೇಜ್ ಬಂತು. ಒತ್ತಿದೆ. ಮಾತಿಲ್ಲ. ಗುಂಯ್ ಎಂಬ ಸದ್ದು ಮಾತ್ರ, ಒಂದೇ ಸಮನೆ, ಏರದೆ, ಇಳಿಯದೆ. ಹತ್ತಿಪ್ಪತ್ತು ಸೆಕೆಂಡಿನ ಮೇಲೆ ಅಣ್ಣನ ದನಿ: "ಮಗಾ, ಇದು ಬೆಳಿಗ್ಗೆ ಮಾಡ್ತಿರೋದು, ಇಲ್ಲಿ ಸಿಗ್ನಲ್ ಇಲ್ಲ, ಆಮೇಲೆ ಗುಡ್ಡ ಹತ್ತಿ ಕಳಿಸ್ತೀನಿ. ಮಾಸ್ಕ್ ಹಾಕ್ಕೊಂಡಿದಾಳೆ, ಮಾತಾಡಲ್ಲ. ಕೇಳುಸ್ತಾ?" ಫೋನನ್ನು ಕಿವಿಗೆ ಒತ್ತಿ, ವಿಜಯನಗರದ ಆ ಹಿರಿಯರ ಹಾಗೆ ಇನ್ನೊಮ್ಮೆ ಕೇಳಿದೆ. ಮನೆಯ ಸದ್ದೇ.

ಅದರ ಹಿಂದೆಯೇ ಒಂದು ಫೋಟೊ. ಟಿಟಿ ದೊಡ್ಡ ಮರದ ಕೆಳಗೆ, ಇಂಚು ಬಿಡದ ಹಾಗೆ ನೆರಳಿನಲ್ಲಿ. ಹತ್ತು ಮೀಟರ್ ಆಚೆ ಹುಲ್ಲಿನ ಮೇಲೆ, ಉರಿಬಿಸಿಲಲ್ಲಿ ನನ್ನ ಪ್ಯಾನೆಲ್. ಅದರ ಮೇಲೆ ಏನೋ ಬಿಳಿ ಕಂಡಿತು. ಬೆರಳಿನಿಂದ ಹಿಗ್ಗಿಸಿ ನೋಡಿದೆ. ಒದ್ದೆ ಟವೆಲ್! ಪ್ಯಾನೆಲ್ಲಿನ ಅರ್ಧ ಭಾಗ ಮುಚ್ಚಿಕೊಂಡು ಹರಡಿದ ಒದ್ದೆ ಟವೆಲ್, ಪಕ್ಕದಲ್ಲಿ ಎರಡು ಕಾಲುಚೀಲ.

ಕೂಡಲೇ ಫೋನ್ ಮಾಡಿದೆ. ಗುಡ್ಡದ ಮೇಲೆ ಇನ್ನೂ ಇದ್ದರೇನೋ, ಹತ್ತಿತು. ಎತ್ತಿದ್ದು ಅಕ್ಕ, ನಿಧಾನವಾಗಿ ಅವರೂ ಹತ್ತಿದ್ದರು.

"ಅಕ್ಕ, ಚೀಟೀಲಿ ಏನು ಬರ್ದಿದ್ದೆ ನಾನು? ಪ್ಯಾನೆಲ್ ಮೇಲೆ ಟವೆಲ್ ಹಾಕ್ತಾರಾ? ಎಲ್ಲಾ ಹಾಳು ಮಾಡ್ತೀರಾ ನೀವು!"

"ಕೂಗ್ಬೇಡ್ವೋ. ಆ ಚಾರ್ಜರ್ ಪೆಟ್ಟಿಗೇಲಿ ನೂರು ಅಂತ ತೋರಿಸ್ತಾ ಇತ್ತು, ಹನ್ನೊಂದು ಗಂಟೆಗೇ ಬ್ಯಾಟರಿ ತುಂಬೋಯ್ತು."

"ಹಂಗಂತ?"

"ಹಂಗಂತ ಇನ್ನೇನು ಕೆಲ್ಸ ಇದೆ ಅದಕ್ಕೆ? ಸಂಜೆವರ್ಗೂ ಬಿಸಿಲಲ್ಲಿ ಸುಮ್ನೆ ಕೂತಿರುತ್ತೆ. ಟವೆಲ್ ಆದ್ರೂ ಒಣಗ್ಲಿ ಬಿಡು."